ಗಿಡ್ಡಮ್ಮನ ಹಲ್ಲಿನ ವಯಸ್ಸು

ತಿಪ್ಪೇಶಪ್ಪ ಎಮ್ಮೆಯ ಎಡಮೈ ತಿಕ್ಕಿ ತೊಳೆದು, ಬಲಗಡೆಗೆ ಬಂದು, ಹುಲ್ಲಿನ ಸಿವುಡನ್ನು ನೀರಿಗೆ ಅದ್ದುವಷ್ಟರಲ್ಲಿ ಓಣಿಯ ತುದಿಯಲ್ಲಿ ತಮಟೆ ಕೇಳಿಸಿತು. ಆ ಎಮ್ಮೆಯ ಬಲಮೈ ಮುಂದೆ ನಾಲ್ಕು ದಿನ ನೀರು ಕಾಣಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುವುದು ವಾಸಿ. ಇನ್ನು ಮೇಲೆ ಎಮ್ಮೆಯ ವಿಚಾರ ಆ ಮನೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ತಮಟೆ ಬಡಿಯುತ್ತಿದ್ದವನು ದಾಸಪ್ಪ. ಹೊನ್ನಾಳಿಯ ಜನಕ್ಕೆ ಸರ್ಕಾರ ಏನೇ ಹೇಳಬೇಕಾದರೂ ದಾಸಪ್ಪನ ಗಂಟಲಿನಿಂದಲೇ ಹೇಳಬೇಕಿತ್ತು. ಅವನು ಓಣಿಯ ನಡುವೆ ನಿಂತು, ಒಮ್ಮೆ ಕೆಮ್ಮಿ, ಕೂಗಿದ:

"ಕೇಳ್ರಪ್ಪೋ ಕೇಳ್ರಿ! ಬರೋ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಸ್ಕೂಲಿಗೆ ಶಿವಮೊಗ್ಗದಿಂದ ಹಲ್ಲಿನ ಡಾಕ್ಟರು ಬರ್ತಾರೆ! ಈ ವರ್ಷ ಹೊಸದಾಗಿ ಇಸ್ಕೂಲಿಗೆ ಸೇರೋ ಮಕ್ಕಳೆಲ್ಲ ಬಂದು ಹಲ್ಲು ತೋರಿಸ್ಬೇಕು! ಡಾಕ್ಟರ ಚೀಟಿ ಇಲ್ದಿದ್ರೆ ಹೆಸ್ರು ಬರ್ಕಳ್ಳಲ್ಲ ಅಂತ ಹೆಡ್‌ಮೇಷ್ಟ್ರ ಅಪ್ಪಣೆ ಐತೆ!"

ಯುದ್ಧ ಶುರುವಾಗಿ ಅದು ಐದನೆಯ ವರ್ಷ. ಸೀಮೆಎಣ್ಣೆಗೆ ಚೀಟಿ, ಸಕ್ಕರೆಗೆ ಚೀಟಿ, ಅಕ್ಕಿಗೆ ಚೀಟಿ ಎಂದು ಕೇಳಿ ಕೇಳಿ ಅಭ್ಯಾಸವಾಗಿದ್ದ ಜನಕ್ಕೂ ಹಲ್ಲಿಗೆ ಚೀಟಿ ಎಂಬುದು ಹೊಸದಾಗಿತ್ತು. ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು.

"ನನಗೆ ಗೊತ್ತಿತ್ತು," ಎಂದ ಬೀಡಿ ಅಂಗಡಿಯ ಓಬಳಪ್ಪ. ಲೋಕದಲ್ಲಿ ಏನಾದರೂ ಆದ ಮೇಲೆ ಅದು ಮೊದಲೇ ಗೊತ್ತಿತ್ತು ಎನ್ನುವುದು ಅವನ ಪದ್ಧತಿ. "ಮೊದ್ಲು ಮಕ್ಕಳ ಹಲ್ಲು ಎಣಿಸ್ತಾರೆ, ಆಮೇಲೆ ದೊಡ್ಡೋರ್ದು. ಬಾಯಾಗೆ ಎಷ್ಟು ಹಲ್ಲು ಐತೋ ಅದಕ್ಕೆ ತಕ್ಕಂಗೆ ಅಕ್ಕಿ."

ಜಗಲಿಯ ಮೇಲೆ ಕೂತಿದ್ದ ತಿಪ್ಪೇಶಪ್ಪನ ತಾಯಿ ಚೌಡಕ್ಕ ಎದೆ ಹಿಡಿದುಕೊಂಡಳು. ಅವಳಿಗೆ ಉಳಿದಿದ್ದವು ಎರಡೇ ಹಲ್ಲು. ಒಂದು ಮೇಲೆ, ಒಂದು ಕೆಳಗೆ. ಅವೆರಡೂ ಹದಿನೈದು ವರ್ಷದಿಂದ ಒಂದನ್ನೊಂದು ಭೇಟಿಯಾಗಿರಲಿಲ್ಲ.

"ಅಯ್ಯೋ ಶಿವನೇ, ಹಂಗಾದ್ರೆ ನನ್ನ ಪಾಲಿನ ಅಕ್ಕಿ?"

"ನಿನಗೆ ನುಚ್ಚು ಕೊಡ್ತಾರೆ ಬಿಡವ್ವ," ಎಂದ ಓಬಳಪ್ಪ ಸಮಾಧಾನ ಮಾಡುವವನಂತೆ.

ಈ ಹೊತ್ತಿನಲ್ಲಿ ತಿಪ್ಪೇಶಪ್ಪ ಹುಲ್ಲಿನ ಸಿವುಡನ್ನು ಎಸೆದು ಮುಂದೆ ಬಂದ. ಅವನು ಮುಂದೆ ಬಂದರೆ ಜನ ಸುಮ್ಮನಾಗುತ್ತಿದ್ದುದಕ್ಕೆ ಕಾರಣವಿತ್ತು. ತಿಪ್ಪೇಶಪ್ಪ ದನದ ದಲ್ಲಾಳಿ. ಚನ್ನಗಿರಿ, ನ್ಯಾಮತಿ, ಜಗಳೂರು ಕಡೆಯ ದನದ ಸಂತೆಗಳಲ್ಲಿ ಅವನು ಹೋರಿಯ ಕೆಳದುಟಿಯನ್ನು ಹೆಬ್ಬೆರಳಿನಿಂದ ಒತ್ತಿ "ನಾಲ್ಕಲ್ಲು" ಎಂದರೆ, ಕೊಳ್ಳುವವನೂ ಮಾರುವವನೂ ಆ ಬಾಯನ್ನು ಮತ್ತೆ ನೋಡುತ್ತಿರಲಿಲ್ಲ. ಮನೆಯಲ್ಲಿ ಉಪ್ಪಿನ ಗಡಿಗೆ ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ, ಹತ್ತು ವರ್ಷದ ಹಿಂದೆ ಮಾರಿದ ಎತ್ತಿನ ಹಲ್ಲನ್ನು ಬಾಯಿಪಾಠ ಒಪ್ಪಿಸುತ್ತಿದ್ದ.

"ಅಕ್ಕಿನೂ ಅಲ್ಲ, ನುಚ್ಚೂ ಅಲ್ಲ," ಎಂದ ತಿಪ್ಪೇಶಪ್ಪ. "ಇಪ್ಪತ್ತು ವರ್ಷದಿಂದ ಹಲ್ಲು ನೋಡ್ತಾ ಬಂದೀನಿ. ಯಾರಾದ್ರೂ ಇನ್ನೊಬ್ರ ಬಾಯಿ ಬಿಡಿಸಿ ಹಲ್ಲು ನೋಡೋದು ಒಂದೇ ಒಂದಕ್ಕೆ. ವಯಸ್ಸು ತಿಳಿಯಾಕೆ!"

ಎಲ್ಲರಿಗೂ ತಟ್ಟನೆ ಅದು ಸರಿಯೆನಿಸಿತು.

"ನೋಡ್ರಿ, ಹೋರಿಗೆ ಆರಲ್ಲು ಬಂದ ಮೇಲೆ ಹೊಸದಾಗಿ ನೊಗ ಕಲಿಸಾಕೆ ಆಗಲ್ಲ. ಕತ್ತು ಬಲಿತಿರ್ತೈತೆ. ಇಸ್ಕೂಲೂ ಹಂಗೇ. ವಯಸ್ಸು ಮೀರಿದ ಮಕ್ಕಳು ಪಾಠಕ್ಕೆ ಪಳಗಲ್ಲ. ಅವ್ರನ್ನ ವಾಪಸ್ ಕಳಿಸಾಕೆ ಡಾಕ್ಟರನ್ನ ಕರೆಸ್ಯಾರೆ. ಬಾಯಾಗೆ ಹೇಳೋ ವಯಸ್ಸು ಸುಳ್ಳಾಗಬಹುದು, ಹಲ್ಲು ಸುಳ್ಳು ಹೇಳಲ್ಲ!"

ಹೀಗೆಂದವನು ತನ್ನ ಮಾತನ್ನು ತಾನೇ ಕೇಳಿಸಿಕೊಂಡು ಗಕ್ಕನೆ ನಿಂತ. ಹೋದ ವಾರವಷ್ಟೇ ಅವನು ಹೆಡ್‌ಮೇಷ್ಟ್ರು ಹಾಲಸ್ವಾಮಿಯವರ ಮುಂದೆ ಕೈಮುಗಿದು ನಿಂತು, ಸೇರಿಸಲು ತಡವಾದದ್ದನ್ನು ಮುಚ್ಚಿಕೊಳ್ಳಲು, ಮಗಳು ಗಿಡ್ಡಮ್ಮನಿಗೆ ಇನ್ನೂ ಆರು ತುಂಬಿಲ್ಲ ಎಂದು ಬರೆಸಿ ಬಂದಿದ್ದ.

ಗಿಡ್ಡಮ್ಮ ಎಂಬುದು ಹರಕೆ ಹೊತ್ತು ಇಟ್ಟ ಹೆಸರು. ಹುಡುಗಿ ಮಾತ್ರ ಹೆಸರಿನ ಮುಲಾಜಿಲ್ಲದೆ ಉದ್ದಕ್ಕೆ ಬೆಳೆಯುತ್ತಿದ್ದಳು. ಶಾಲೆಗೆ ಸೇರುವ ಮೊದಲೇ ಶಾಲೆಯ ಕಿಟಕಿಯ ಹೊರಗೆ ನಿಂತು ಹದಿಮೂರರ ಮಗ್ಗಿಯ ತನಕ ಕಲಿತಿದ್ದಳು. ಕಲಿತದ್ದಕ್ಕಿಂತ ಕೇಳುವುದು ಹೆಚ್ಚು. ಕರೀ ಎಮ್ಮೆಗೆ ಬಿಳೀ ಹಾಲು ಯಾಕೆ, ಹೊಳೆಗೆ ರಾತ್ರಿ ನಿದ್ದೆ ಬರಲ್ವಾ, ಹದಿಮೂರು ಒಂಬತ್ಲೆ ನೂರಾ ಹದಿನೇಳೇ ಯಾಕೆ ಆಗ್ಬೇಕು. ಈ ವರ್ಷ ಶಾಲೆಗೆ ಸೇರಿಸುತ್ತೇವೆಂದು ಹೇಳಿದ ದಿನದಿಂದ ಅವಳು ಸ್ಲೇಟನ್ನು ತಲೆಯ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ತಿಪ್ಪೇಶಪ್ಪ ಒಳಗೆ ಹೋಗಿ ಬಾಗಿಲು ಹಾಕಿ, ರೊಟ್ಟಿ ತಟ್ಟುತ್ತಿದ್ದ ಹೆಂಡತಿಯನ್ನು ಮೆಲ್ಲಗೆ ಕೇಳಿದ: "ನಮ್ಮ ಗಿಡ್ಡಿ ಹುಟ್ಟಿದ್ದು ಯಾವಾಗ?"

ಹನುಮಂತಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸದೆ ಹೇಳಿದಳು: "ನೀವು ಜಗಳೂರಿನಿಂದ ಮಚ್ಚೆ ಕರ ಹೊಡ್ಕಂಡು ಬಂದ ವಾರ."

"ಆ ಕರ ಐದು ವರ್ಷಕ್ಕೆ ಎಂಟೂ ಹಲ್ಲು ಬಂದು ಬಾಯ್ಗೂಡ್ತು, ಅದಾಗಿ ಎರಡು ವರ್ಷ ದಾಟ್ತು!"

"ಹಂಗಾದ್ರೆ ಇವಳಿಗೂ ಏಳು ದಾಟೈತೆ. ಅದಕ್ಕೇನೀಗ?"

ತಿಪ್ಪೇಶಪ್ಪ ಮಗಳನ್ನು ಕರೆದು, ಕಿಟಕಿಯ ಬೆಳಕಿಗೆ ನಿಲ್ಲಿಸಿ, ಕೆಳದುಟಿ ಒತ್ತಿದ. ಕೆಳಸಾಲಿನ ನಟ್ಟನಡುವೆ ಎರಡು ಹಲ್ಲು ಇರಲಿಲ್ಲ. ಬಿದ್ದು ಹದಿನೈದು ದಿನವಾಗಿತ್ತು. ಅಪ್ಪನಾದವನು ಅದನ್ನು ನೋಡಿರಲಿಲ್ಲ, ದಲ್ಲಾಳಿಯಾದವನು ಈಗ ನೋಡಿದ.

"ಕೆಟ್ಟೆ," ಎಂದ. "ಬಾಯಿ ಮುಚ್ಚು ತಾಯಿ. ಸೋಮವಾರದ ತನಕ ಯಾರ ಮುಂದೂ ಬಾಯಿ ತೆಗೀಬೇಡ. ತೆಗೆದ್ರೆ ಇಸ್ಕೂಲು ಇಲ್ಲ!"

ಇಸ್ಕೂಲು ಇಲ್ಲ ಎಂಬ ಮಾತು ಕೇಳಿದ್ದೇ ಗಿಡ್ಡಮ್ಮ ತುಟಿಗಳನ್ನು ಒಳಕ್ಕೆ ಎಳೆದುಕೊಂಡು ಮುಚ್ಚಿದಳು. ಮುಚ್ಚುವ ಮೊದಲು ಏನೋ ಹೇಳಹೊರಟವಳಂತೆ ಎಡಗೆನ್ನೆಯ ಮೇಲೆ ಕೈ ಇಟ್ಟುಕೊಂಡಿದ್ದಳು. ಅದನ್ನು ನೋಡಿದವಳು ತಾಯಿ ಒಬ್ಬಳೇ.

ಇಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಆದರೆ ಮಾರನೆಯ ಬೆಳಿಗ್ಗೆ ತಿಪ್ಪೇಶಪ್ಪ ಬಾಗಿಲು ತೆರೆದರೆ ಜಗಲಿಯ ತುಂಬ ಜನ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಮಗು.

"ತಿಪ್ಪೇಶಣ್ಣ, ಡಾಕ್ಟರು ನೋಡೋಕ್ಕಿಂತ ಮುಂಚೆ ನೀನೊಂದು ಸಲ ನೋಡಿಬಿಡು. ನಮ್ಮದು ಸಾಗ್ತೈತೋ ಇಲ್ಲೋ ಹೇಳು."

ಇಲ್ಲವೆನ್ನಲು ಅವನ ಕಸುಬು ಬಿಡಲಿಲ್ಲ. ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡು ಕೂತ. ಮಗು ಬಂತು, ತುಟಿ ಒತ್ತಿದ, ಕೆಳಸಾಲು ನೋಡಿದ, ಬೆನ್ನು ತಟ್ಟಿದ. "ಹಾಲಲ್ಲು. ಐದು." ಮುಂದಿನದು. "ಎರಡಲ್ಲು ಬಿದ್ದೈತೆ. ಏಳು. ಕಷ್ಟ." ಅದರ ಮುಂದಿನದು. "ನಾಲ್ಕಲ್ಲು. ಇದು ಆಗಾಕಿಲ್ಲ, ಮನೆಗೆ ಹೊಡ್ಕಂಡು ಹೋಗ್ರಿ." ಆ ನಾಲ್ಕಲ್ಲಿನ ಮಗುವಿನ ತಾಯಿ ಅಳುತ್ತ ಹೋದಳು. ಓಬಳಪ್ಪನ ಮೊಮ್ಮಗನ ಗೊರಸನ್ನೂ ನೋಡಬೇಕಾದೀತು ಎಂದು ಯಾರೋ ಹಿಂದಿನಿಂದ ಕೂಗಿದರು. ಓಬಳಪ್ಪ ಅಲ್ಲಿಂದ ಮೂರು ದಿನ ಮಾತಾಡಲಿಲ್ಲ. ಅದೊಂದು ಲಾಭ.

"ಮೇಲಿನ ಸಾಲು ನೋಡಲೇ ಇಲ್ಲಲ್ರೀ?" ಎಂದು ಒಬ್ಬಳು ಕೇಳಿದಳು.

"ಮೇಲೆ ನೋಡೋ ಪದ್ಧತಿ ಇಲ್ಲ," ಎಂದ ತಿಪ್ಪೇಶಪ್ಪ ಗಂಭೀರವಾಗಿ. ದನಕ್ಕೆ ಮೇಲೆ ಮುಂಬಲ್ಲೇ ಇರುವುದಿಲ್ಲ ಎಂಬುದು ಅವನಿಗೆ ಎಷ್ಟು ಸಹಜವಾಗಿತ್ತೆಂದರೆ, ಮನುಷ್ಯರ ಬಾಯಲ್ಲಿ ಮೇಲಿನ ಸಾಲು ಒಂದು ಅಲಂಕಾರವೆಂದೇ ಅವನು ತಿಳಿದಿದ್ದ.

ಆಗ ಪಕ್ಕದ ಮನೆಯ ಮೆಹರಾಜ್ ಬೇಗಂ ಮಗಳು ಜಹಾನಾರಾಳನ್ನು ಮುಂದೆ ತಳ್ಳಿದಳು. ಅವಳ ಗಂಡ ಇಮಾಮ್‌ಸಾಬ್ ಪಾತ್ರೆಗೆ ಕಲಾಯಿ ಹಾಕುವವನು. ಅವನೂ ಮಸಿ ಕೈ ಒರೆಸಿಕೊಳ್ಳುತ್ತ ಹಿಂದೆ ನಿಂತಿದ್ದ. ತಿಪ್ಪೇಶಪ್ಪ ತುಟಿ ಒತ್ತಿ, ಮುಖ ಗಂಟಿಕ್ಕಿ, ಇನ್ನೊಮ್ಮೆ ಒತ್ತಿ, ತೀರ್ಪು ಕೊಟ್ಟ:

"ಎಂಟು."

"ಯಾ ಅಲ್ಲಾ!" ಎಂದಳು ಮೆಹರಾಜ್ ಬೇಗಂ. "ನಮ್ಮ ಮದುವೆ ಆಗಿ ಏಳು ವರ್ಷ ಆಗೈತೆ ತಿಪ್ಪೇಶಣ್ಣ!"

ಇಮಾಮ್‌ಸಾಬ್ ಕೈ ಒರೆಸುವುದನ್ನು ನಿಲ್ಲಿಸಿದ. ತಿಪ್ಪೇಶಪ್ಪ ಅವನ ಮುಖ ನೋಡಿ, ಮಗುವಿನ ಬಾಯಿ ನೋಡಿ, ಮತ್ತೆ ಅವನ ಮುಖ ನೋಡಿದ.

"ಒಂದೆರಡು ವರ್ಷ ಇಳಿಸಬಹುದು," ಎಂದ ಸಣ್ಣ ದನಿಯಲ್ಲಿ.

"ಅವ್ಳು ಹೋದ ತಿಂಗಳು ಬಾವಿ ಕಟ್ಟೆ ಮೇಲಿಂದ ಬಿದ್ದು ನಾಲ್ಕು ಹಲ್ಲು ಮುರ್ಕಂಡ್ಳು ಮಾರಾಯ!" ಎಂದು ಇಮಾಮ್‌ಸಾಬ್ ಕೂಗಿದ. "ಹಲ್ಲು ನೋಡಿ ನಮ್ಮ ಮನೆ ಮುರೀತಿಯಾ?"

ಜಗಲಿ ಒಂದು ಕ್ಷಣದಲ್ಲಿ ಖಾಲಿಯಾಯಿತು. ಆದರೆ ತಿಪ್ಪೇಶಪ್ಪನ ಸಿದ್ಧಾಂತ ಮಾತ್ರ ಖಾಲಿಯಾಗಲಿಲ್ಲ. ಅದು ಬೀದಿ ಬೀದಿ ಸುತ್ತಿ, ಸಂಜೆಯ ಹೊತ್ತಿಗೆ ಹೊಳೆ ದಾಟಿ ಆಚೆಯ ಹಳ್ಳಿಗಳಿಗೂ ಹೋಯಿತು.

ಮನೆಯೊಳಗೆ ಗಿಡ್ಡಮ್ಮ ಮಾತಾಡಲಿಲ್ಲ. ನೀರು ಬೇಕಾದರೆ ಚೊಂಬು ತೋರಿಸಿದಳು. ಅಜ್ಜಿ ಹುರಿಗಡಲೆ ಕೊಟ್ಟರೆ ತಲೆ ಅಲ್ಲಾಡಿಸಿದಳು. ಊಟಕ್ಕೆ ಕೂತರೆ ರೊಟ್ಟಿಯನ್ನು ಹಾಲಿನಲ್ಲಿ ಮುಳುಗಿಸಿ ಮುಳುಗಿಸಿ, ಬಲಗಡೆಗೆ ತಳ್ಳಿ ನುಂಗಿದಳು. ದಿನವಿಡೀ ಪ್ರಶ್ನೆಗಳಿಂದ ತುಂಬಿರುತ್ತಿದ್ದ ಮನೆಯಲ್ಲಿ ಒರಳುಕಲ್ಲಿನ ಸದ್ದೂ ದೊಡ್ಡದಾಗಿ ಕೇಳತೊಡಗಿತು.

"ಮಗಿಗೆ ಹಲ್ಲು ನೋಯ್ತೈತೆ ಕಣ್ರೀ," ಎಂದಳು ಹನುಮಂತಮ್ಮ. "ಎಡಗಡೆ ಅಗೀತಾನೇ ಇಲ್ಲ."

"ಅದು ಹಿಂದಿನ ಹಲ್ಲು. ಹಿಂದಿನ ಹಲ್ಲನ್ನ ಯಾರೂ ಲೆಕ್ಕಕ್ಕೆ ತಗಳಲ್ಲ," ಎಂದ ತಿಪ್ಪೇಶಪ್ಪ. "ಮುಂದಿಂದು ಸರಿ ಮಾಡಬೇಕು ಮೊದ್ಲು."

ಸರಿ ಮಾಡುವ ಕೆಲಸ ಶನಿವಾರ ಶುರುವಾಯಿತು. ಕೊಬ್ಬರಿಯ ಚೂರನ್ನು ಹಲ್ಲಿನ ಆಕಾರಕ್ಕೆ ಕೆತ್ತಿ, ಜೇನುಮೇಣ ಹಚ್ಚಿ, ಖಾಲಿ ಜಾಗದಲ್ಲಿ ಕೂರಿಸಿದ. ನೋಡಲು ಚೆನ್ನಾಗಿತ್ತು. ಅವನು ಕನ್ನಡಿ ತರಲು ಹೋಗಿ ಬರುವಷ್ಟರಲ್ಲಿ ಗಿಡ್ಡಮ್ಮ ಅದನ್ನು ನುಂಗಿದ್ದಳು. ಎರಡನೆಯ ಸಲ ಕುಂಬಳದ ಬೀಜ. ಅದು ಊಟದ ಹೊತ್ತಿಗೆ ನೆನೆದು ಉಬ್ಬಿ, ಹುಡುಗಿಯ ಬಾಯಲ್ಲಿ ಇನ್ನೇನು ಮೊಳಕೆ ಬರುತ್ತದೆ ಎಂಬಂತೆ ಕಂಡಿತು. ಭಾನುವಾರ ತಿಪ್ಪೇಶಪ್ಪ ಸೋತು, ಇಮಾಮ್‌ಸಾಬನ ಬಾಗಿಲಿಗೆ ಹೋದ.

"ಯಾಕೆ ಬಂದೆ? ನನ್ನ ವಯಸ್ಸು ನೋಡಾಕಾ?" ಎಂದ ಇಮಾಮ್‌ಸಾಬ್.

"ಸಿಟ್ಟು ಬಿಡು ಸಾಬಣ್ಣ. ನಿನ್ನ ಕೈಯಾಗಿನ ಕೆಲಸ ಊರಿಗೇ ಗೊತ್ತು. ತೂತು ಬಿದ್ದ ಬೋಗುಣಿನ ಹೊಸದು ಮಾಡ್ತೀಯ. ನನ್ನ ಮಗಳಿಗೆ ಎರಡು ಹಲ್ಲು ಮಾಡಿಕೊಡು. ಇಲ್ದಿದ್ರೆ ಕೂಸಿಗೆ ಇಸ್ಕೂಲು ತಪ್ತೈತೆ."

ಕೂಸಿನ ಹೆಸರು ಕೇಳಿ ಇಮಾಮ್‌ಸಾಬ್ ಕರಗಿದ. ತವರದಲ್ಲಿ ಮಾಡಿದರೆ ಮಿಂಚಿ ಗುಟ್ಟು ರಟ್ಟಾಗುತ್ತದೆ ಎಂದು ಇಬ್ಬರೂ ಯೋಚಿಸಿದರು. ಕೊನೆಗೆ ಇಮಾಮ್‌ಸಾಬ್ ತನ್ನ ಹಬ್ಬದ ಅಂಗಿಯ ಕೊರಳಿನ ಗುಂಡಿಯನ್ನು ಕಿತ್ತ. ಚಿಪ್ಪಿನ ಗುಂಡಿ, ಬೆಳ್ಳಗೆ, ನುಣ್ಣಗೆ. ಅದನ್ನು ನಡುವೆ ಸೀಳಿ, ಅರದಿಂದ ಉಜ್ಜಿ, ಎರಡು ಹಲ್ಲು ಮಾಡಿದ. ಸೋಮವಾರ ಬೆಳಿಗ್ಗೆ ಮೇಣ ಹಚ್ಚಿ ಕೂರಿಸಿದ ಮೇಲೆ ತಿಪ್ಪೇಶಪ್ಪ ಮಗಳನ್ನು ದೂರ ನಿಲ್ಲಿಸಿ, ಸಂತೆಯಲ್ಲಿ ಒಳ್ಳೆಯ ಹೋರಿ ನೋಡಿದವನಂತೆ ತಲೆದೂಗಿದ.

"ಆರು. ಆರಕ್ಕೂ ಒಂದು ತಿಂಗಳು ಕಮ್ಮಿನೇ. ಬಾಯಿ ಮಾತ್ರ ತೆಗೀಬೇಡ ತಾಯಿ. ನಾನು ತುಟಿ ಒತ್ತಿ ತೋರಿಸ್ತೀನಿ, ಅಷ್ಟೇ."

ಶಾಲೆಯ ಮುಂದೆ ಆ ದಿನ ನೆರೆದ ಜನ, ಯಾವ ಸಾಹೇಬರು ಬಂದಾಗಲೂ ನೆರೆದಿರಲಿಲ್ಲ. ಅರ್ಧ ಜನ ಮಕ್ಕಳಿಗೆ ಬಾಯಿ ಮುಚ್ಚಿಸಿಕೊಂಡು ಬಂದಿದ್ದರು. ಒಬ್ಬ ಮಗನ ಬಾಯಿಗೆ ಟವಲನ್ನೇ ಕಟ್ಟಿದ್ದ. ಮಾವಿನ ಮರದ ಕೆಳಗೆ ಮೇಜು ಹಾಕಿ, ಶಿವಮೊಗ್ಗದ ಡಾಕ್ಟರು ಕೂತಿದ್ದರು. ಚಿಕ್ಕ ವಯಸ್ಸಿನವರು, ದುಂಡು ಕನ್ನಡಕ, ಕೈಯಲ್ಲಿ ಉದ್ದ ಹಿಡಿಯ ಪುಟ್ಟ ಕನ್ನಡಿ. ಅವರು ಬಂದ ಇದ್ದಿಲ ಗ್ಯಾಸಿನ ಬಸ್ಸು ಒಂದು ಗಂಟೆಗೆ ವಾಪಸ್ಸು ಹೊರಡುವುದಿತ್ತು. ಪಕ್ಕದಲ್ಲಿ ಹಾಲಸ್ವಾಮಿ ಮೇಷ್ಟ್ರು ರಿಜಿಸ್ಟರು ಬಿಚ್ಚಿಕೊಂಡು, ನಿಮಿಷಕ್ಕೊಮ್ಮೆ ಬೆತ್ತ ಎತ್ತಿ ಸಾಲಿನ ಕಡೆ ತಿರುಗಿ ಕೂಗುತ್ತಿದ್ದರು:

"ಬಾಯಿ ಮುಚ್ಚಿ ನಿಂತ್ಕೊಳ್ರೋ!"

ಮಕ್ಕಳು ಮುಚ್ಚುತ್ತಿದ್ದರು. ಮೇಜಿನ ಹತ್ತಿರ ಬಂದ ಕೂಡಲೇ ಡಾಕ್ಟರು "ಬಾಯಿ ತೆಗಿ" ಎನ್ನುತ್ತಿದ್ದರು. ಮಕ್ಕಳು ಮೇಷ್ಟ್ರ ಬೆತ್ತವನ್ನು ನೋಡುತ್ತಿದ್ದರು. ಹೀಗಾಗಿ ಒಂದೊಂದು ಮಗುವಿಗೂ ಬೇಕಾದ್ದಕ್ಕಿಂತ ದುಪ್ಪಟ್ಟು ಹೊತ್ತು ಹಿಡಿಯುತ್ತಿತ್ತು.

ತಿಪ್ಪೇಶಪ್ಪನಿಗೆ ಸಾಲು ಮುಂದೆ ಸರಿದ ಹಾಗೆಲ್ಲ ಧೈರ್ಯ ಹಿಂದೆ ಸರಿಯಿತು. ಮೇಜಿನ ಹತ್ತಿರವಾದಾಗ, ಸಂತೆಯ ಅಭ್ಯಾಸ ಅವನ ಕೈಯನ್ನು ಹಿಡಿದು ಎಳೆಯಿತು. ಅವನು ಮೇಷ್ಟ್ರ ಪಕ್ಕಕ್ಕೆ ಹೋಗಿ, "ಒಂದ್ನಿಮಿಷ ಕೈ ಕೊಡ್ರಿ" ಎಂದು ಅವರ ಬಲಗೈ ಹಿಡಿದು, ಮೇಲೆ ತನ್ನ ಟವಲು ಹೊದಿಸಿಬಿಟ್ಟ. ದನದ ವ್ಯಾಪಾರದಲ್ಲಿ ಮಾತು ನಡೆಯುವುದು ಹೀಗೆಯೇ. ಬಾಯಿ ಸುಮ್ಮನಿರುತ್ತದೆ, ಟವಲ ಕೆಳಗೆ ಬೆರಳುಗಳು ಮಾತಾಡುತ್ತವೆ. ತಿಪ್ಪೇಶಪ್ಪ ಮೇಷ್ಟ್ರ ಐದೂ ಬೆರಳನ್ನು ಒಮ್ಮೆ ಒತ್ತಿ, ಆಮೇಲೆ ತೋರುಬೆರಳೊಂದನ್ನೇ ಒತ್ತಿದ. ಐದು, ಮತ್ತೊಂದು. ಆರು. ಆರೇ ಇರಲಿ ಸ್ವಾಮಿ ಎಂದು ಅದರ ಅರ್ಥ.

ಮೇಷ್ಟ್ರು ಹುಟ್ಟಿದಂದಿನಿಂದ ಒಂದು ಕರುವನ್ನೂ ಕೊಂಡವರಲ್ಲ.

"ಏನಯ್ಯಾ ಇದು! ಬೆರಳು ಯಾಕಯ್ಯಾ ಹಿಂಡ್ತೀಯಾ! ಬಿಡೋ! ಬಿಡೋ ಕೈನ!"

ಹಿಂದೆ ನಿಂತವರಿಗೆ ಟವಲು ಮಾತ್ರ ಕಂಡಿತು.

"ಮೇಷ್ಟ್ರು ಎತ್ತು ತಗಳ್ತಾರೇನಪ್ಪ?"

"ತಗಂಡು ಏನ್ ಮಾಡ್ತಾರೆ, ಹೊಲ ಎಲ್ಲೈತೆ?"

"ಕೂಗಾಡಾದು ನೋಡಿದ್ರೆ ರೇಟು ಹೊಂದಿಲ್ಲ ಬಿಡು."

ಮೇಷ್ಟ್ರು ಕೈ ಬಿಡಿಸಿಕೊಂಡು ರಿಜಿಸ್ಟರಿನ ಕೆಳಗೆ ಬಚ್ಚಿಟ್ಟರು. ಅಷ್ಟರಲ್ಲಿ ಡಾಕ್ಟರು ಗಿಡ್ಡಮ್ಮನನ್ನು ಕರೆದರು. ತಿಪ್ಪೇಶಪ್ಪ ಓಡಿಹೋಗಿ ಮಗಳ ಕೆಳದುಟಿಯನ್ನು ಹೆಬ್ಬೆರಳಿನಿಂದ ಒತ್ತಿ ನಿಂತ.

"ನೋಡ್ರಿ ಸ್ವಾಮಿ. ಒಂದೂ ಬಿದ್ದಿಲ್ಲ. ಎಲ್ಲ ಹಾಲಲ್ಲು. ಗ್ಯಾರಂಟಿ ಮಾಲು."

"ಕೈ ತೆಗೀರಿ," ಎಂದರು ಡಾಕ್ಟರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಇನ್ನೂ ಬಗ್ಗಿದರು. "ಈ ಎರಡು ಹಲ್ಲಿನಲ್ಲೂ ಎರಡೆರಡು ತೂತು ಇವೆಯಲ್ಲ! ಒಂದೇ ಅಳತೆ, ಒಂದೇ ಸಾಲು. ಹುಳುಕು ಇಷ್ಟು ಶಿಸ್ತಾಗಿ ತೂತು ಕೊರೆಯುತ್ತೆ ಅಂತ ನಾನು ಎಲ್ಲೂ ಓದಿಲ್ಲ."

ಅವರು ಚಿಮಟ ಹಾಕಿ ಮೆಲ್ಲಗೆ ಎಳೆದರು. ಹಲ್ಲು ಬಂತು. ಅದರ ಒಂದು ತೂತಿನಲ್ಲಿ ಬಿಳಿಯ ದಾರದ ಎಳೆಯೊಂದು ನೇತಾಡುತ್ತಿತ್ತು.

"ಹೊಲಿಗೆಯನ್ನೂ ಹಾಕಿಸಿದ್ದೀರಾ?" ಎಂದು ಡಾಕ್ಟರು ಕೇಳಿದರು.

ಜನರ ನಡುವೆ ಇಮಾಮ್‌ಸಾಬ್ ತೆರೆದ ಕೊರಳನ್ನು ಕೈ ಅಡ್ಡ ಹಿಡಿದು ಮುಚ್ಚಿಕೊಂಡ. ಆಮೇಲೆ ತಡೆಯಲಾರದೆ, "ಎರಡೂ ಚೂರು ಎಸೀಬೇಡ್ರಿ ಸ್ವಾಮಿ, ಯುದ್ಧದ ಕಾಲ, ಅಂಥಾ ಗುಂಡಿ ಈಗ ಸಿಗಲ್ಲ," ಎಂದ.

ತಿಪ್ಪೇಶಪ್ಪ ಮೇಜಿನ ಕಾಲು ಹಿಡಿದು ಕೂತು, ಯಾರೂ ಕೇಳದಿದ್ದರೂ ಎಲ್ಲವನ್ನೂ ಒಪ್ಪಿಕೊಂಡ.

"ಏಳು ದಾಟೈತೆ ಸ್ವಾಮಿ! ಆರು ತುಂಬಿಲ್ಲ ಅಂತ ಬರೆಸಿದ್ದು ಸುಳ್ಳು! ಇಪ್ಪತ್ತು ವರ್ಷದಾಗೆ ಒಂದು ಹಲ್ಲಿನ ಸುಳ್ಳು ಹೇಳಿದೋನಲ್ಲ, ಇದೇ ಮೊದ್ಲು! ಹೋದ ವರ್ಷವೇ ಸೇರಿಸ್ಬೇಕಾಗಿತ್ತು, ಸಂತೆ ಸಂತೆ ತಿರುಗ್ತಾ ಮರೆತೆ. ನನ್ನ ತಪ್ಪಿಗೆ ಕೂಸನ್ನ ವಾಪಸ್ ಕಳಿಸಬೇಡ್ರಿ. ಕತ್ತು ಇನ್ನೂ ಬಲಿತಿಲ್ಲ ಅವ್ಳಿಗೆ, ನೊಗಕ್ಕೆ ಪಳಗ್ತಾಳೆ!"

"ಯಾವ ನೊಗ?" ಎಂದರು ಡಾಕ್ಟರು.

"ಏಳಾದರೆ ಏನಯ್ಯಾ? ಯಾರು ವಾಪಸ್ಸು ಕಳಿಸ್ತೀವಿ ಅಂದ್ರು?" ಎಂದರು ಮೇಷ್ಟ್ರು. "ಹೆಣ್ಣುಮಕ್ಕಳನ್ನ ಸೇರಿಸೋರೇ ಇಲ್ಲ. ಏಳಾದರೂ ಬರಲಿ, ಒಂಬತ್ತಾದರೂ ಬರಲಿ!"

ಹಿಂದಿನ ಸಾಲಿನಲ್ಲಿ, ನಾಲ್ಕಲ್ಲಿನ ಮಗುವಿನ ತಾಯಿ ಮಗನನ್ನು ಎಳೆದುಕೊಂಡು ಬರಲು ಮನೆಯ ಕಡೆ ಓಡಿದಳು. ಓಡುವ ಮೊದಲು ತಿಪ್ಪೇಶಪ್ಪನಿಗೆ ಏನು ಅಂದಳೋ ಅದನ್ನು ಬರೆಯುವಂತಿಲ್ಲ.

ಡಾಕ್ಟರು ಕತೆಯನ್ನೆಲ್ಲ ಕೇಳಿದರು. ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡು ಹೇಳಿದರು: "ದಲ್ಲಾಳಿಗಳೇ, ನಾನು ಹಲ್ಲು ನೋಡೋದು ವಯಸ್ಸಿಗಲ್ಲ, ನೋವಿಗೆ. ಹಲ್ಲು ಹುಳುಕಾದ ಮಗು ಪಾಠದ ಹೊತ್ತಿನಲ್ಲಿ ಕೆನ್ನೆ ಹಿಡ್ಕೊಂಡು ಕೂತಿರುತ್ತೆ. ನೋಯ್ತಿದೆ ಅಂತ ಹೇಳೋಕೆ ಹೆದರುತ್ತೆ. ನಾವು ಅದನ್ನ ದಡ್ಡ ಮಗು ಅಂತೀವಿ. ಅದಕ್ಕೇ ಶಾಲೆ ಶುರುವಾಗೋಕೆ ಮುಂಚೆಯೇ ನೋಡಿ, ಸಣ್ಣದಿದ್ದಾಗಲೇ ಸರಿಮಾಡಿಬಿಟ್ಟರೆ ಮಗು ಪಾಠ ಕೇಳುತ್ತೆ, ಊಟ ಮಾಡುತ್ತೆ, ರಾತ್ರಿ ನಿದ್ದೆ ಮಾಡುತ್ತೆ."

"ಹಾಲಲ್ಲು ಹೆಂಗೂ ಬೀಳ್ತಾವಲ್ರೀ?" ಎಂದ ಓಬಳಪ್ಪ. ಮೂರು ದಿನದ ಮೌನ ಅವನಿಗೆ ಸಾಕಾಗಿತ್ತು.

"ಬೀಳೋ ತನಕ ಅವೇ ಹಲ್ಲಲ್ಲವೇ? ಕೆಳಗೆ ಹೊಸದು ಕಾದಿರುತ್ತೆ. ಹಳೆಯದು ಕೀವಾದರೆ ಹೊಸದಕ್ಕೂ ಕೇಡು."

ಆಗ ಹನುಮಂತಮ್ಮ ಸೆರಗು ಬಿಗಿಮಾಡಿಕೊಂಡು ಮುಂದೆ ಬಂದಳು. ನಾಲ್ಕು ದಿನದಿಂದ ಯಾರೂ ಕೇಳದ ಮಾತನ್ನು ಕೇಳುವ ಕಿವಿಯೊಂದು ಸಿಕ್ಕಿತ್ತು.

"ಡಾಕ್ಟರೇ, ನಮ್ಮ ಮಗಿಗೆ ಎಡಗಡೆ ಹಿಂದಿನ ಹಲ್ಲು ನೋಯ್ತೈತೆ. ಗುರುವಾರದಿಂದ ಅಗಿದು ಉಂಡಿಲ್ಲ. ರಾತ್ರಿ ಸ್ಲೇಟಿಗೆ ಕೆನ್ನೆ ಒತ್ಕಂಡು ಮಲಗ್ತಾಳೆ, ತಣ್ಣಗಿರ್ತೈತೆ ಅಂತ."

ತಿಪ್ಪೇಶಪ್ಪ ಮಗಳ ಕೆನ್ನೆಯನ್ನು ಆಗ ನೋಡಿದ. ಅದು ಸ್ವಲ್ಪ ಊದಿತ್ತು. ನಾಲ್ಕು ದಿನ ಆ ಮುಖವನ್ನೇ ನೋಡುತ್ತಿದ್ದವನಿಗೆ ಊದಿದ್ದು ಕಂಡಿರಲಿಲ್ಲ.

"ಬಾಯಿ ತೆಗಿ ಮರಿ," ಎಂದರು ಡಾಕ್ಟರು ಕನ್ನಡಿ ಹಿಡಿದು.

ಗಿಡ್ಡಮ್ಮ ತೆಗೆಯಲಿಲ್ಲ.

"ನೋಯಿಸಲ್ಲ. ಸುಮ್ಮನೆ ನೋಡ್ತೀನಿ."

ಗಿಡ್ಡಮ್ಮ ಅಪ್ಪನ ಕಡೆ ನೋಡಿ, ತುಟಿಗಳನ್ನು ಇನ್ನಷ್ಟು ಒಳಕ್ಕೆ ಎಳೆದುಕೊಂಡಳು.

ಡಾಕ್ಟರು ಗಡಿಯಾರ ತೆಗೆದು ನೋಡಿದರು. ಹನ್ನೆರಡೂ ಮುಕ್ಕಾಲು. "ಬಾಯಿ ನೋಡದೆ ನಾನು ಚೀಟಿ ಬರೆಯೋ ಹಾಗಿಲ್ಲ. ಮತ್ತೆ ಈ ಕಡೆ ಬರೋದು ಬರುವ ವರ್ಷ."

ಚೀಟಿ ಇಲ್ಲದಿದ್ದರೆ ಹೆಸರಿಲ್ಲ. ಮೇಷ್ಟ್ರು ಪೆನ್ನು ಕೆಳಗಿಟ್ಟರು. ಅವರೇ ಹೊರಡಿಸಿದ ಅಪ್ಪಣೆ, ಅವರಿಗೇ ಈಗ ಅಡ್ಡ ನಿಂತಿತ್ತು.

"ತೆಗಿ ತಾಯಿ," ಎಂದ ತಿಪ್ಪೇಶಪ್ಪ. "ನಾನು ಹೇಳಿದ್ದು ಸುಳ್ಳು. ಬಾಯಿ ತೆಗೆದ್ರೇನೇ ಇಸ್ಕೂಲು."

ಮೊನ್ನೆ ತೆಗೆದರೆ ಇಸ್ಕೂಲು ಇಲ್ಲ ಎಂದವನೂ ಇವನೇ. ಗಿಡ್ಡಮ್ಮ ಅಲ್ಲಾಡಲಿಲ್ಲ.

ಊರೇ ಕೈಹಾಕಿತು. ಚೌಡಕ್ಕ ಮೊಮ್ಮಗಳ ಮುಂದೆ ಕುಕ್ಕರಿಸಿ, ತನ್ನ ಬಾಯನ್ನು ಅಗಲವಾಗಿ ತೆರೆದು, "ಹಿಂಗೆ ನೋಡು, ಹಿಂಗೆ" ಎಂದು ಎರಡೂ ಹಲ್ಲು ತೋರಿಸಿದಳು. ಡಾಕ್ಟರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಓಬಳಪ್ಪ ಅಂಗಡಿಯಿಂದ ಪೆಪ್ಪರಮಿಂಟು ತಂದು ಮೂಗಿನ ಮುಂದೆ ಆಡಿಸಿದ. ಡಾಕ್ಟರು ಅದನ್ನು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. ಜಹಾನಾರಾ ಮುಂದೆ ಬಂದು, "ನಂದು ನೋಡಿದ್ರು, ಏನೂ ಆಗ್ಲಿಲ್ಲ" ಎಂದು ಮುರಿದ ಹಲ್ಲುಗಳ ನಡುವಿನಿಂದ ಭರವಸೆ ಕೊಟ್ಟಳು. ತಿಪ್ಪೇಶಪ್ಪ ತೋಳು ಮಡಿಸಿ, "ದವಡೆ ಮೂಲೆಗೆ ಹೆಬ್ಬೆರಳು ಕೊಟ್ರೆ ಎಂಥಾ ಹೋರಿನೂ ಬಾಯಿ..." ಎನ್ನುತ್ತ ಬಂದವನು ಹೆಂಡತಿಯ ಕಣ್ಣು ನೋಡಿ ಅಲ್ಲೇ ನಿಂತ.

ಬಸ್ಸಿನ ಹಾರನ್ನು ಕೇಳಿಸಿತು. ಡ್ರೈವರು ಇದ್ದಿಲ ಒಲೆಗೆ ಗಾಳಿ ಹಾಕಲು ಶುರುಮಾಡಿದ್ದ. ಡಾಕ್ಟರು ಪೆಟ್ಟಿಗೆಯ ಮುಚ್ಚಳದ ಮೇಲೆ ಕೈ ಇಟ್ಟರು.

ಹನುಮಂತಮ್ಮ ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ಸರಿಸಿ, ಮಗಳ ಎದುರು ನೆಲದ ಮೇಲೆ ಕೂತಳು. ತೆಗಿ ಎನ್ನಲಿಲ್ಲ. ಮಗಳ ಹಣೆಯ ಮೇಲಿನ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದಳು.

"ಏನಾರ ಕೇಳ್ಬೇಕಾಗೈತಾ ನಿನಗೆ?"

ಗಿಡ್ಡಮ್ಮ ಹೌದೆಂದು ತಲೆ ಆಡಿಸಿದಳು.

"ಕೇಳವ್ವ. ಯಾರೂ ಏನೂ ಅನ್ನಲ್ಲ."

ಸಾಲಿನಲ್ಲಿ ಮತ್ತೆ ಗದ್ದಲವಾಯಿತು. ಮೇಷ್ಟ್ರು ಬೆತ್ತ ಎತ್ತಿ, "ಬಾಯಿ ಮುಚ್ಚಿ ನಿಂತ್ಕೊಳ್ರೋ!" ಎಂದು ಕೂಗಿದರು. ಅದೇ ಉಸಿರಿನಲ್ಲಿ ಇತ್ತ ತಿರುಗಿ, "ನೀನು ಬಾಯಿ ತೆಗಿಯಮ್ಮ, ಹೊತ್ತಾಯ್ತು," ಎಂದರು.

ಗಿಡ್ಡಮ್ಮ ಬೆತ್ತವನ್ನು ನೋಡಿದಳು. ಡಾಕ್ಟರ ಕನ್ನಡಿಯನ್ನು ನೋಡಿದಳು. ಅಪ್ಪನ ಹೆಬ್ಬೆರಳನ್ನು ನೋಡಿದಳು. ಆಮೇಲೆ, ನಾಲ್ಕು ದಿನ ಮುಚ್ಚಿದ್ದ ಬಾಯನ್ನು, ಎಡಗಡೆಯ ಹಿಂದಿನ ಕರಿಹಲ್ಲು ಕನ್ನಡಿ ಇಲ್ಲದೆಯೇ ಡಾಕ್ಟರಿಗೆ ಕಾಣುವಷ್ಟು ಅಗಲವಾಗಿ ತೆರೆದು, ಹೆಡ್‌ಮೇಷ್ಟ್ರನ್ನು ಗಟ್ಟಿಯಾಗಿ ಕೇಳಿದಳು:

"ಮೇಷ್ಟ್ರೇ, ಇಸ್ಕೂಲಿಗೆ ಸೇರಿದ ಮೇಲೆ ಬಾಯಿ ತೆಗೀಬೇಕಾ, ಮುಚ್ಕಬೇಕಾ?"